ಅಣೆ, ಕಟ್ಟೆ, ಆನಿಕಟ್: ನೀರಾವರಿಯ ಸಮೀಪಾರ್ಥಕ ಇಂಗ್ಲಿಷ್ ಪದಗಳ ಆಯ್ಕೆಯನ್ನು ಕುರಿತು

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯ ಬಳಿ ಕಪಿಲೆಗೆ ಅಡ್ಡಲಾಗಿ ನಿಂತಿರುವ ಹಳೆಯ ಕಟ್ಟಡವನ್ನು ಇಂಗ್ಲಿಷಿನಲ್ಲಿ ಏನೆಂದು ಕರೆಯಬೇಕು? ಡ್ಯಾಮ್, ವಿಯರ್, ಆನಿಕಟ್, ಬ್ಯಾರೇಜ್, ಬಂಡ್ ಎಂಬ ಐದು ಪದಗಳು ಒಡನೆಯೇ ನೆನಪಿಗೆ ಬರುತ್ತವೆ. ಇಂಗ್ಲಿಷ್–ಕನ್ನಡ ನಿಘಂಟುಗಳನ್ನು ತೆರೆದು ನೋಡಿದವರಿಗೆ ಇವುಗಳ ಎದುರು ಅಣೆಕಟ್ಟು, ಒಡ್ಡು, ಕಟ್ಟೆ ಮೊದಲಾದ ಸಮಾನಪದಗಳು ಸ್ಥಳ ಬದಲಿಸಿಕೊಂಡು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಹೀಗಾಗಿ ಅವುಗಳಲ್ಲಿ ಯಾವುದನ್ನು ಬಳಸಿದರೂ ನಡೆಯುತ್ತದೆ ಎಂಬ ಭಾವನೆ ಬೇರೂರಿದೆ. ಆದರೆ ಸರ್ಕಾರಿ ಕಡತಗಳು ಹುಲ್ಲಹಳ್ಳಿಯ ಕಟ್ಟಡವನ್ನು ಆನಿಕಟ್ ಎಂದೇ ಗುರುತಿಸುತ್ತ ಬಂದಿವೆ. ಈ ಆಯ್ಕೆ ಆಕಸ್ಮಿಕವಲ್ಲ; ಅದರ ಹಿಂದೆ ಒಂದು ಭಾಷಿಕ ಚರಿತ್ರೆಯೂ ಒಂದು ರಾಜಕೀಯ ಚರಿತ್ರೆಯೂ ಇವೆ.

ಮೊದಲಿಗೆ ಪದಗಳ ವ್ಯಾಪ್ತಿಯನ್ನು ಗಮನಿಸಬಹುದು. ಡ್ಯಾಮ್ ಎಂಬುದು ಹರಿವನ್ನು ತಡೆದು ನಿಲ್ಲಿಸುವ ಗೋಡೆ. ಆ ಗೋಡೆಯ ಹಿಂದೆ ಸಂಗ್ರಹವಾದ ನೀರು ರಿಸರ್ವಾಯರ್. ಕನ್ನಡದಲ್ಲಿ ಅದಕ್ಕೆ ಜಲಾಶಯ ಎಂಬ ಮಾತು ನೆಲೆಗೊಂಡಿದೆ. ವಿಯರ್ ಎಂಬುದು ನೀರು ತನ್ನ ಮೇಲಿನಿಂದಲೇ ಹರಿದುಹೋಗಲು ಬಿಟ್ಟ ತಗ್ಗಿನ ಅಡ್ಡಗೋಡೆ. ನೀರಿನ ಮಟ್ಟವನ್ನು ಕೊಂಚ ಎತ್ತರಿಸಿ ಪಕ್ಕದ ಕಾಲುವೆಗೆ ತಿರುಗಿಸುವುದಷ್ಟೇ ನದಿಯ ವಿಯರ್‌ನ ಉದ್ದೇಶ. ಮಳೆಗಾಲದ ನೀರನ್ನು ಬೇಸಗೆಗಾಗಿ ಕೂಡಿಡುವುದಲ್ಲ. ಅದೇ ಕೆಲಸವನ್ನು ಬಾಗಿಲುಗಳ ಮೂಲಕ ನಿಯಂತ್ರಿಸಿ ಮಾಡಿದರೆ ಅದು ಬ್ಯಾರೇಜ್. ವಿಜಯವಾಡದ ಬಳಿ ಕೃಷ್ಣೆಗೆ 1850ರ ದಶಕದಲ್ಲಿ ಕಟ್ಟಿದ್ದು ಆನಿಕಟ್. ಅದರ ಬದಲಿಗೆ 1957ರಲ್ಲಿ ಬಂದ ಬಾಗಿಲುಗಳುಳ್ಳ ಕಟ್ಟಡ ಪ್ರಕಾಶಂ ಬ್ಯಾರೇಜ್. ನದಿ ಅದೇ, ಸ್ಥಳ ಅದೇ. ಕಟ್ಟಡದ ಕೆಲಸದ ರೀತಿ ಬದಲಾದೊಡನೆ ಹೆಸರೂ ಬದಲಾಯಿತು. ಬಂಡ್ ಪಾರಸಿ ಮೂಲದ್ದು; ನಮ್ಮ ಭಾಗದ ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಕೆರೆಯ ಏರಿಗೆ ಸಲ್ಲುತ್ತದೆ.

ಆನಿಕಟ್ ಎಂಬ ಪದದ ಕಥೆ ಇವೆಲ್ಲಕ್ಕಿಂತ ಸ್ವಾರಸ್ಯಕರವಾದುದು. ಇದು ಇಂಗ್ಲಿಷಿಗೆ ಮದರಾಸು ಪ್ರಾಂತ್ಯದಿಂದ ಹೋದ ದ್ರಾವಿಡ ಪದ. ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್-ಜಾಬ್ಸನ್’ ಕೋಶವು (1886) ಇದನ್ನು ತಮಿಳು ಮೂಲದಿಂದ ಸಾಧಿಸುತ್ತದೆ. ಕನ್ನಡದ ಅಣೆ ಮತ್ತು ಕಟ್ಟು ಎಂಬ ಘಟಕಗಳೂ ಅವೇ ಆದ್ದರಿಂದ ಕನ್ನಡಿಗರಿಗೆ ಇದು ಪರಕೀಯವಲ್ಲ. ಕಾವೇರಿಯ ಕಲ್ಲಣೆಯನ್ನು ಇಂಗ್ಲಿಷರು ಗ್ರ್ಯಾಂಡ್ ಆನಿಕಟ್ ಎಂದರು. ಆರ್ಥರ್ ಕಾಟನ್ ಗೋದಾವರಿಗೆ 1847ರಿಂದ 1852ರ ಅವಧಿಯಲ್ಲಿ ಧವಳೇಶ್ವರದಲ್ಲಿ ಕಟ್ಟಿಸಿದ್ದೂ ಆನಿಕಟ್ ಎಂದೇ ಪ್ರಸಿದ್ಧವಾಯಿತು. ಹೀಗೆ ಇಂಗ್ಲಿಷಿನಲ್ಲಿ ಆ ಪದ ನದಿಯನ್ನು ತಿರುಗಿಸುವ ತಗ್ಗಿನ ಕಟ್ಟಡಕ್ಕೆ ಮೀಸಲಾದ ಪಾರಿಭಾಷಿಕ ಪದವಾಗಿ ಉಳಿಯಿತು. ಇತ್ತ ಕನ್ನಡದಲ್ಲಿ ನಡೆದುದು ಬೇರೆ. ಇಪ್ಪತ್ತನೆಯ ಶತಮಾನದಲ್ಲಿ ಎತ್ತರದ ಡ್ಯಾಮುಗಳು ಬಂದಾಗ ಪತ್ರಿಕೆಗಳೂ ಪಠ್ಯಪುಸ್ತಕಗಳೂ ಅವನ್ನೇ ಅಣೆಕಟ್ಟು ಎಂದು ಕರೆದವು. ಇಂದು ಅಣೆಕಟ್ಟು ಎಂದರೆ ಓದುಗನ ಕಣ್ಣಿಗೆ ಬರುವುದು ಕೃಷ್ಣರಾಜಸಾಗರವೋ ಲಿಂಗನಮಕ್ಕಿಯೋ ಹೊರತು ಹುಲ್ಲಹಳ್ಳಿಯ ಅಣೆಯಲ್ಲ. ಒಂದೇ ಮೂಲದ ಎರಡು ಪದಗಳು ಎರಡು ಭಾಷೆಗಳಲ್ಲಿ ಎರಡು ದಿಕ್ಕಿಗೆ ನಡೆದಿವೆ. ಆನಿಕಟ್ ಎಂಬುದನ್ನು ಅಣೆಕಟ್ಟು ಎಂದು ಅನುವಾದಿಸುವುದು ವ್ಯುತ್ಪತ್ತಿಯ ದೃಷ್ಟಿಯಿಂದ ನಿರ್ದುಷ್ಟ. ಅರ್ಥದ ದೃಷ್ಟಿಯಿಂದ ದಾರಿ ತಪ್ಪಿಸುವಂಥದು.

ಈ ವ್ಯತ್ಯಾಸ ಕೇವಲ ನಿಘಂಟುಕಾರರ ಚರ್ಚೆಯ ವಸ್ತುವಾಗಿದ್ದರೆ ಇಷ್ಟು ವಿಸ್ತರಿಸುವ ಅಗತ್ಯವಿರಲಿಲ್ಲ. 1892ರ ಫೆಬ್ರವರಿ 18ರಂದು ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ಆದ ಒಪ್ಪಂದವು ಈ ಸಮೀಪಾರ್ಥಕ ಪದಗಳ ಭೇದದ ಮೇಲೆಯೇ ನಿಂತಿದೆ. ಮೈಸೂರು ಸರ್ಕಾರವು ಮದರಾಸಿನ ಪೂರ್ವಾನುಮತಿಯಿಲ್ಲದೆ ಏನನ್ನು ಕಟ್ಟಕೂಡದು ಎಂಬುದನ್ನು ಅದು ಎರಡು ಬಗೆಯಾಗಿ ಹೇಳುತ್ತದೆ. ಮೊದಲನೆಯದು ಹೊಸ ನೀರಾವರಿ ರಿಸರ್ವಾಯರ್. ಒಪ್ಪಂದದ ಪಟ್ಟಿಯಲ್ಲಿರುವ ಹದಿನೈದು ಮುಖ್ಯ ನದಿಗಳ ಯಾವ ಭಾಗದಲ್ಲಿಯೂ ಇದನ್ನು ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಎರಡನೆಯದು ಹೊಸ ಆನಿಕಟ್. ಇದಕ್ಕೆ ಎಲ್ಲ ನದಿಗಳಲ್ಲಿಯೂ ಒಂದೇ ನಿರ್ಬಂಧವಿಲ್ಲ. ಕೆಲವು ನದಿಗಳಲ್ಲಿ ಪೂರ್ಣ ನಿರ್ಬಂಧವಿದ್ದರೆ, ತುಂಗಭದ್ರೆ, ಕಾವೇರಿ, ಕಬಿನಿಗಳಲ್ಲಿ ನಿರ್ದಿಷ್ಟ ಸ್ಥಳಗಳಿಂದ ಕೆಳಕ್ಕೆ ಮಾತ್ರ ನಿರ್ಬಂಧ ಅನ್ವಯಿಸುತ್ತದೆ. ಕಾವೇರಿಯಲ್ಲಿ ಆ ಗಡಿ ರಾಮಸ್ವಾಮಿ ಅಣೆ. ಕಬಿನಿಯಲ್ಲಿ ಅದು ರಾಂಪುರದ ಅಣೆ. ಕಬಿನಿಯ ಹಳೆಯ ನಾಲೆಗಳನ್ನು ಹೇಳುವಾಗ ಹುಲ್ಲಹಳ್ಳಿಯ ಹೆಸರಿನೊಂದಿಗೆ ಜೊತೆಯಾಗಿ ಬರುವ ಅದೇ ರಾಂಪುರ.

ಈಗ ಎರಡೂ ಪದಗಳನ್ನು ಕನ್ನಡದಲ್ಲಿ ಅಣೆಕಟ್ಟು ಎಂದು ಇಟ್ಟುಕೊಂಡು ಆ ನಿಯಮವನ್ನು ಓದಿದರೆ ಏನಾಗುತ್ತದೆ? ಒಂದು ವಾಕ್ಯ ಕಬಿನಿಯ ಯಾವ ಭಾಗದಲ್ಲಿಯೂ ಅಣೆಕಟ್ಟು ಕೂಡದೆನ್ನುತ್ತದೆ. ಮುಂದಿನ ವಾಕ್ಯ ರಾಂಪುರದಿಂದ ಕೆಳಗೆ ಮಾತ್ರ ಕೂಡದೆನ್ನುತ್ತದೆ. ಓದುಗನಿಗೆ ನಿಯಮವೇ ಸ್ವವಿರೋಧಿಯಾಗಿ ತೋರುತ್ತದೆ. ವಾಸ್ತವವಾಗಿ ಅಲ್ಲಿ ವಿರೋಧವಿಲ್ಲ. ರಾಂಪುರದಿಂದ ಮೇಲೆ ನೀರನ್ನು ತಿರುಗಿಸುವ ಸ್ವಾತಂತ್ರ್ಯ ಮೈಸೂರಿಗೆ ಉಳಿಯಿತು, ಕೂಡಿಡುವ ಸ್ವಾತಂತ್ರ್ಯ ಉಳಿಯಲಿಲ್ಲ. ಒಪ್ಪಂದವನ್ನು ಬರೆದವರು ಪದಗಳ ನಡುವಣ ಸಂದಿಯನ್ನೂ ಮುಚ್ಚಿದ್ದರು. ಹೊಳೆಗೆ ಅಣೆ ಕಟ್ಟಿ ಆ ನೀರಿನಿಂದ ಹೊಸದೊಂದು ಜಲಾಶಯವನ್ನು ತುಂಬಿಸಿದರೆ, ಅದನ್ನು ಆ ಹೊಳೆಗೆ ಅಡ್ಡವಾಗಿಯೇ ಕಟ್ಟಿದ ರಿಸರ್ವಾಯರ್ ಎಂದು ಎಣಿಸಬೇಕೆಂದು ವ್ಯಾಖ್ಯೆಯಲ್ಲಿಯೇ ಸೇರಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಳುಬಿದ್ದ ಕೆರೆಯೂ ದುರಸ್ತಿಯಾದರೆ ಹೊಸತೆಂದೇ ಲೆಕ್ಕ. ಸಾವಿರಾರು ಕೆರೆಗಳ ನಾಡಾದ ಮೈಸೂರಿಗೆ ಹೊಸ ಎಂಬ ವಿಶೇಷಣವೂ ಹೀಗೆ ದುಬಾರಿಯಾಯಿತು.

ಕೃಷ್ಣರಾಜಸಾಗರದ ವಿಷಯದಲ್ಲಿ ಎದ್ದ ವಿವಾದ, 1914ರ ಗ್ರಿಫಿನ್ ತೀರ್ಪು, 1924ರ ಫೆಬ್ರವರಿ 18ರ ಒಪ್ಪಂದ ಇವೆಲ್ಲ ಸುಪರಿಚಿತ. ಅಲ್ಲಿಯೂ ಪ್ರಶ್ನೆ ಕೂಡಿಡುವ ನೀರಿನದೇ. ಆದರೆ ಜನರ ಬಾಯಲ್ಲಿ ಆ ಬೃಹತ್ ಜಲಾಶಯ ಕನ್ನಂಬಾಡಿ ಕಟ್ಟೆ. ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ಕಾವೇರಿಗಿರುವ ಪ್ರಾಚೀನ ಅಣೆಯೂ ಮಾಧವಮಂತ್ರಿ ಕಟ್ಟೆಯೇ. ಕಟ್ಟಿದ್ದೆಲ್ಲ ಕಟ್ಟೆ ಎನ್ನುವ ಈ ಉದಾರ ಪ್ರಯೋಗಕ್ಕೆ ಊರಿನ ಅರಳಿಕಟ್ಟೆಯೂ ಸೇರುತ್ತದೆ. ಆಡುಮಾತಿನಲ್ಲಿ ಇದರಿಂದ ತೊಡಕೇನೂ ಇಲ್ಲ, ಏಕೆಂದರೆ ಯಾವ ಕಟ್ಟೆ ಎಂಬುದು ಆಡುವವರಿಗೂ ಕೇಳುವವರಿಗೂ ತಿಳಿದಿರುತ್ತದೆ. ಆ ಮಾತನ್ನು ಇಂಗ್ಲಿಷಿಗೆ ಒಯ್ಯುವ ಸಂಶೋಧಕನಿಗೆ ಮಾತ್ರ ಆಯ್ಕೆ ಅನಿವಾರ್ಯ: ಕನ್ನಂಬಾಡಿಯದು ಡ್ಯಾಮ್, ಮಾಧವಮಂತ್ರಿಯದು ಆನಿಕಟ್ ಅಥವಾ ವಿಯರ್.

ಭೇದದಲ್ಲಿ ಇಂಗ್ಲಿಷೇ ಯಾವಾಗಲೂ ಸೂಕ್ಷ್ಮವೆಂದು ಭಾವಿಸುವುದೂ ಸರಿಯಲ್ಲ. ನದಿಯ ಅಡ್ಡಗೋಡೆಗೂ ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಜಾಗಕ್ಕೂ ಇಂಗ್ಲಿಷ್ ವಿಯರ್ ಎಂದೇ ಹೇಳುತ್ತದೆ, ಎರಡನೆಯದಕ್ಕೆ ವೇಸ್ಟ್ ಎಂಬ ಹೊರೆಯೊಂದನ್ನು ಸೇರಿಸಿಕೊಂಡು. ಕನ್ನಡಕ್ಕೆ ಅಣೆ ಬೇರೆ, ಕೋಡಿ ಬೇರೆ. ಕೆರೆ ಕೋಡಿ ಬಿತ್ತು ಎಂಬ ಮಾತಿನ ಸಂಭ್ರಮ ವೇಸ್ಟ್ ವಿಯರ್‌ನಲ್ಲಿ ಎಲ್ಲಿಂದ ಬರಬೇಕು?

ಕಾಲುವೆಯ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಹಳೆಯ ಮೈಸೂರಿನ ಇಂಗ್ಲಿಷ್ ಕಡತಗಳಲ್ಲಿ ಅಣೆಯಿಂದ ಹೊರಟ ಪುರಾತನ ಕಾಲುವೆಗಳು ಬಹುಮಟ್ಟಿಗೆ ಚಾನಲ್‌ಗಳು. ಜಲಾಶಯದಿಂದ ಹೊರಟ ಹೊಸವು ಕೆನಾಲ್‌ಗಳು. ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ಕೆನಾಲ್ ಎರಡನೆಯ ಬಗೆಗೆ ಉದಾಹರಣೆ. ಕನ್ನಡದಲ್ಲಿ ಎರಡೂ ನಾಲೆಗಳೇ. ಆ ನಾಲೆಯನ್ನು ಇಂಗ್ಲಿಷಿನ ನಲ್ಲಾ ಎಂದು ಮಾಡುವ ಪರಿಪಾಠ ಮಾತ್ರ ತೀರ ಅನುಚಿತ. ಇಂಗ್ಲಿಷಿನಲ್ಲಿ ಅದು ಹಳ್ಳ, ಕೊರಕಲು. ಹಿಂದಿಯಲ್ಲಿ ಚರಂಡಿಯೂ ಆಗಬಹುದು.

ಹುಲ್ಲಹಳ್ಳಿಯಿಂದ ಮೇಲೆ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ, 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದ ಸಾಮರ್ಥ್ಯ ಸುಮಾರು 19.5 ಟಿ.ಎಂ.ಸಿ. ಅಡಿ. ಅಂದಿನಿಂದ ಅಲ್ಲಿ ಕೂಡಿಟ್ಟು ಬಿಟ್ಟ ನೀರು ಇಲ್ಲಿ ಅಣೆಯಿಂದ ತಿರುಗಿ ಗದ್ದೆಗೆ ಹೋಗುತ್ತದೆ. ಮೇಲಿನ ಜಲಾಶಯದಿಂದ ಬಿಟ್ಟ ನೀರನ್ನು ಎತ್ತಿಕೊಳ್ಳುವ ಇಂಥ ಅಣೆಗಳಿಗೆ ಎಂಜಿನಿಯರುಗಳಲ್ಲಿ ಪಿಕಪ್ ಎಂಬ ಇನ್ನೊಂದು ಹೆಸರೂ ರೂಢಿಯಲ್ಲಿದೆ.

ಗ್ರಂಥಾಲಯಗಳಿಗೆ ಇದರಿಂದ ಒದಗುವ ಪ್ರಯೋಜನವೊಂದಿದೆ. ಡ್ಯಾಮ್ ಎಂಬ ಒಂದೇ ವಿಷಯಶೀರ್ಷಿಕೆಯಡಿ ಹುಡುಕುವವರಿಗೆ ಹುಲ್ಲಹಳ್ಳಿ, ರಾಂಪುರ, ಮಾಧವಮಂತ್ರಿ ಅಣೆಗಳ ದಾಖಲೆಗಳು ಸಿಕ್ಕುವುದು ಕಷ್ಟ; ಅವುಗಳನ್ನು ಆನಿಕಟ್ ಮತ್ತು ಚಾನಲ್ ಎಂಬ ಶೀರ್ಷಿಕೆಗಳಡಿಯಲ್ಲಿ ನೋಡಬೇಕು. ನದಿಯ ಹೆಸರನ್ನೂ ಕಬಿನಿ, ಕಬನಿ, ಕಬ್ಬನಿ, ಕಪಿಲಾ ಎಂಬ ನಾಲ್ಕು ರೂಪಗಳಲ್ಲಿ ಹುಡುಕುವುದು ಅಗತ್ಯ. 1892ರ ಒಪ್ಪಂದದಲ್ಲಿರುವುದು ಕಬನಿ ಎಂಬ ರೂಪ.