ಮಗುವಿಗೆ ಆಟಿಸಂ ಎಂದು ತಿಳಿದಾಗ ನೆಂಟರು ಮಾಡಬೇಕಾದದ್ದು



ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಯಾರಿಗಾದರೂ ಕಾಯಿಲೆಯೆಂದರೆ ಊಟದ ಡಬ್ಬಿಯಿಂದ ಹಿಡಿದು ಆಸ್ಪತ್ರೆಯ ಖರ್ಚಿನವರೆಗೆ ಹತ್ತು ಮನೆಯವರು ಓಡಿ ಬರುತ್ತಾರೆ. ಆದರೆ ಮೂರು ವರ್ಷದ ಮಗುವಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿದ ಮನೆಯಲ್ಲಿ ಆಗುವುದೇ ಬೇರೆ. ಮನೆಯವರು ಹೇಳುವುದಿಲ್ಲ, ನೆಂಟರು ಕೇಳುವುದಿಲ್ಲ. ಮಗುವಿನ ಸೋದರತ್ತೆಯ ಮದುವೆ ಇನ್ನೂ ಆಗಬೇಕಾಗಿದ್ದರಂತೂ ಮಾತು ಹೊಸ್ತಿಲು ದಾಟದು. ಸೊಲ್ಲಾಪುರದ ಪೇಟೆಯಲ್ಲಿ ನಲವತ್ತು ವರ್ಷ ಅಂಗಡಿ ನಡೆಸಿದ ನಾನು ಇಂಥ ಮೂರು ಮನೆಗಳನ್ನು ಹತ್ತಿರದಿಂದ ಬಲ್ಲೆ. ಮ್ಯಾಟ್ರಿಕ್ ಓದಿದವನು, ವೈದ್ಯನಲ್ಲ. ಬಲ್ಲವರನ್ನು ಕೇಳಿ ತಿಳಿದದ್ದನ್ನು ಬರೆಯುತ್ತೇನೆ.

ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡದು, ಬೇಕಾದದ್ದನ್ನು ಬೆರಳು ಮಾಡಿ ತೋರಿಸದು, ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದು. ಇಂಥವು ಇದರ ಗುರುತುಗಳು. ಅಮೆರಿಕದಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು 1943ರಲ್ಲಿ 11 ಮಕ್ಕಳ ವಿವರ ಬರೆದ ಮೇಲೆ ಇದು ಜಗತ್ತಿಗೆ ತಿಳಿಯಿತು. ಮುಂದೆ ಬಹಳ ವರ್ಷ, ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರೇ ಹೇಳಿದರು. ಅದು ಸುಳ್ಳೆಂದು ಸಿದ್ಧವಾಯಿತು. ಲಸಿಕೆಯಿಂದ ಬರುತ್ತದೆ ಎಂಬ ಸಂಶಯ ಹುಟ್ಟಿಸಿದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂದೆ ತೆಗೆದುಕೊಂಡಿತು. ಇದರಲ್ಲಿ ಅನೇಕ ವಂಶವಾಹಿಗಳ ಪಾಲು ದೊಡ್ಡದು, ಸಾಕಿದ ರೀತಿಯದಲ್ಲ. ಆದರೂ ನಮ್ಮಲ್ಲಿ ಬೆರಳು ಸೊಸೆಯ ಕಡೆಗೇ. ಪೂರ್ವಕರ್ಮವೆಂದು ಆಕೆಯ ಎದುರಿಗೇ ಅನ್ನುವವರೂ ಇದ್ದಾರೆ. ಕರ್ಮದ ವಿಚಾರ ನಮ್ಮ ನಮ್ಮ ಆತ್ಮಪರೀಕ್ಷೆಗೆ ಇದೆ, ಅತ್ತು ಸುಸ್ತಾದ ತಾಯಿಯ ಮೇಲೆ ತೀರ್ಪು ಕೊಡುವುದಕ್ಕಲ್ಲ.

ಗಡಿಭಾಗದ ನಮಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಮಾತು ಬರಲಿಲ್ಲವೆಂದರೆ ಮೊದಲು ಸಿಗುವ ಸಲಹೆ, ಒಂದೇ ಭಾಷೆ ಇಟ್ಟುಕೊಳ್ಳಿರಿ, ಕನ್ನಡ ಬಿಡಿರಿ. ಒಂದು ಮನೆಯಲ್ಲಿ ಹಾಗೇ ಮಾಡಿದರು. ತಂದೆತಾಯಿಗೆ ಮರಾಠಿ ಬರುತ್ತಿತ್ತು. ಅಜ್ಜಿ ಇಂಡಿ ತಾಲೂಕಿನ ಕಡೆಯವರು, ಅವರ ಮರಾಠಿ ಕಾಯಿಪಲ್ಲೆ ಕೊಳ್ಳುವಷ್ಟೇ. ಮೊಮ್ಮಗನ ಮುಂದೆ ಕನ್ನಡ ಬೇಡವೆಂದಾಗ ಅವನ ಹತ್ತಿರ ಮಾತಾಡುವುದನ್ನೇ ಬಿಟ್ಟರು. ಹುಡುಗ ದಿನಕ್ಕೆ ಆರು ತಾಸು ಇರುತ್ತಿದ್ದದ್ದು ಅವರ ಹತ್ತಿರವೇ! ಎಂಟು ತಿಂಗಳು ಹೀಗೆ ಹೋದವು. ಆಮೇಲೆ ತೋರಿಸಿದ ಸ್ಪೀಚ್ ಥೆರಪಿಯ ಬಾಯಿಯವರು, ಎರಡು ಭಾಷೆ ಕೇಳುವುದರಿಂದ ಇಂಥ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ, ಮನೆಯ ಭಾಷೆಯಲ್ಲೇ ಆಡಿಸಿರಿ ಎಂದರು. ಅಜ್ಜಿಗೆ ಮೂರು ಮಾತು ಒಪ್ಪಿಸಿದರು: ಬಾ, ಕೊಡು, ಸಾಕು. ಜೊತೆಗೆ ಕೈಸನ್ನೆ. ಮೊದಲು ಹೊಟ್ಟೆ ತುಂಬಿದರೆ ತಟ್ಟೆ ಎಸೆಯುತ್ತಿದ್ದ ಹುಡುಗ ಈಗ "ಸಾಕ" ಅನ್ನುತ್ತಾನೆ. ಕನ್ನಡದಲ್ಲೇ ತಪಾಸಣೆ ಬೇಕೆನ್ನುವವರಿಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರವೇನೋ ಹೌದು.

ನೆಂಟರು ಸಲಹೆ ಕಡಿಮೆ ಮಾಡಿ ತಾಸು ಕೊಡಬೇಕು. ವಾರಕ್ಕೊಂದು ಮಧ್ಯಾಹ್ನ ಮಗುವನ್ನು ನೋಡಿಕೊಂಡರೆ ತಾಯಿ ನಿದ್ದೆ ಮಾಡಿಯಾಳು. ಥೆರಪಿಯ ದಿನ ಅಣ್ಣತಮ್ಮಂದಿರು ಗಲ್ಲೆಯ ಮೇಲೆ ಕುಳಿತರೆ ತಂದೆಯೂ ಜೊತೆಗೆ ಹೋಗಿಯಾನು. ನಮ್ಮಲ್ಲಿ ಅಂಗಡಿಯ ನೆಪದಿಂದ ಎಲ್ಲ ಓಡಾಟ ತಾಯಿಯ ಮೇಲೇ ಬೀಳುತ್ತದೆ. ಬಸದಿಗೆ, ಮದುವೆಗೆ ಅವರನ್ನು ಕರೆಯಿರಿ. ಧ್ವನಿವರ್ಧಕದಿಂದ ದೂರ, ಬಾಗಿಲ ಹತ್ತಿರ ಜಾಗ ಮಾಡಿಕೊಡಿರಿ. ಮೂರು ತಿಂಗಳಲ್ಲಿ ಪೂರ್ತಿ ಗುಣ ಎಂಬ ಜಾಹೀರಾತು ಮಾತ್ರ ಒಯ್ದು ಕೊಡಬೇಡಿರಿ. ಆಟಿಸಂ ಹೋಗಲಾಡಿಸುವ ಔಷಧವಿಲ್ಲ. ಈ ಮೂರು ಮನೆಗಳಲ್ಲಿ ಎರಡು ಅದಕ್ಕೆ ಹಣ ಸುರಿದಿವೆ.

ಕಾಗದಪತ್ರದ ಕೆಲಸ ನಮಗೆ ಚೆನ್ನಾಗಿ ಬರುತ್ತದೆ, ಅದನ್ನಾದರೂ ಮಾಡಿಕೊಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯದೆಯಲ್ಲಿ ಆಟಿಸಂ ಸೇರಿದೆ. ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಮಾಡಿಸಬೇಕು. 1999ರ ಕಾಯದೆಯಿಂದ ಬಂದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ 1 ಲಕ್ಷ ರೂಪಾಯಿಯವರೆಗೆ ಇದೆ, ಥೆರಪಿಗೂ ದೊರೆಯುತ್ತದೆ. 18 ದಾಟಿದ ಮೇಲೆ ಪೋಷಕರ ನೇಮಕ ಬೇಕಾದರೆ ಕಲೆಕ್ಟರರ ಸಮಿತಿಗೆ ಅರ್ಜಿ ಹಾಕಬೇಕು. ಅಂಗಡಿಯ ಪಾಲು ಬರೆಯುವಾಗ ಈ ಹುಡುಗನ ಪಾಲು ಯಾರ ಕೈಯಲ್ಲಿ ಇರಬೇಕೆಂಬುದನ್ನು ವಕೀಲರಿಂದ ಬರೆಯಿಸಿಡಿರಿ, ಬಾಯಿಮಾತು ಬೇಡ. ಮೇಲೆ ಹೇಳಿದ ಮನೆಯ ಇಬ್ಬರು ಅಣ್ಣತಮ್ಮಂದಿರು ಕಳೆದ ದೀಪಾವಳಿಗೆ ಹೊಸ ಖಾತೆ ತೆರೆದಾಗ ಒಂದು ಪುಟ ಅವನ ಹೆಸರಿಗೆ ಬರೆದರು. ಪ್ರತಿ ತಿಂಗಳ ಗಳಿಕೆಯಲ್ಲಿ ಇಬ್ಬರೂ ಸಮನಾಗಿ ಅದಕ್ಕೆ ಜಮಾ ಮಾಡುತ್ತಿದ್ದಾರೆ.