ಲೋಹಕ್ಕೆ ತಕ್ಕ ತಂತಿ, ಲೋಹಕ್ಕೆ ತಕ್ಕ ಗ್ಯಾಸು



ನಮ್ಮ ಮನೆಯಲ್ಲಿ ಕಬ್ಬಿಣದ ಹೆಂಚು ಇದೆ. ಸ್ಟೀಲಿನ ಬಿಂದಿಗೆ ಇದೆ. ಅಲ್ಯೂಮಿನಿಯಂ ಪಾತ್ರೆಯೂ ಇದೆ. ಮೂರೂ ಲೋಹವೇ. ಆದರೆ ಮೂರರ ಗುಣವೂ ಬೇರೆ ಬೇರೆ. ಹೆಂಚನ್ನು ಒದ್ದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಸ್ಟೀಲಿಗೆ ಅಷ್ಟು ಬೇಗ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಹಗುರ, ಬೇಗ ಕರಗುತ್ತದೆ.

ಇವನ್ನು ವೆಲ್ಡಿಂಗ್ ಮಾಡುವಾಗಲೂ ಗುಣ ನೋಡಬೇಕು. ಒಂದಕ್ಕೆ ಹಾಕುವ ತಂತಿ ಇನ್ನೊಂದಕ್ಕೆ ಆಗೋದಿಲ್ಲ. ಗ್ಯಾಸೂ ಹಾಗೇ.

ಹೆಣ್ಣುಮಕ್ಕಳಿಗೆ ಈ ವಿಷಯ ಯಾಕೆ ಅಂತೀರಾ? ವೆಲ್ಡಿಂಗ್ ಈಗ ಗಂಡಸರ ಕೆಲಸ ಮಾತ್ರ ಅಲ್ಲ. ಹೆಂಗಸರೂ ಕಲಿಯುತ್ತಿದ್ದಾರೆ, ದುಡಿಯುತ್ತಿದ್ದಾರೆ. ಐ.ಟಿ.ಐ.ನಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು. ಹೆಣ್ಣುಮಕ್ಕಳೂ ಸೇರಬಹುದು.

ಮಿಗ್ ವೆಲ್ಡಿಂಗ್ ಅಂದ್ರೆ ಏನು?

ಕೈಯಲ್ಲಿ ಹಿಡಿಯುವ ಸಾಧನಕ್ಕೆ ಟಾರ್ಚ್ ಅಂತಾರೆ. ಅದರ ಗುಂಡಿ ಒತ್ತಿದರೆ ಸುರುಳಿಯಿಂದ ತೆಳು ತಂತಿ ತಾನಾಗಿ ಬರುತ್ತದೆ. ತಂತಿಯಲ್ಲಿ ಕರೆಂಟು ಇರುತ್ತದೆ. ತಂತಿಯ ತುದಿ ಲೋಹಕ್ಕೆ ತಾಗಿದಾಗ ಕಣ್ಣು ಕುಕ್ಕುವ ಬೆಳಕು ಹೊತ್ತಿಕೊಳ್ಳುತ್ತದೆ. ಆ ಶಾಖಕ್ಕೆ ತಂತಿ ಕರಗುತ್ತದೆ. ಲೋಹದ ಅಂಚೂ ಕರಗುತ್ತದೆ. ಎರಡೂ ಬೆರೆತು ಆರಿದರೆ, ಅದೇ ಬೆಸುಗೆ.

ಅದೇ ಟಾರ್ಚಿನ ಬಾಯಿಂದ ಗ್ಯಾಸೂ ಬರುತ್ತದೆ. ಇದು ಅಡುಗೆ ಗ್ಯಾಸಲ್ಲ. ಇದು ಉರಿಯುವುದಿಲ್ಲ. ಮತ್ತೆ ಯಾಕೆ ಬೇಕು? ಕರಗಿದ ಲೋಹಕ್ಕೆ ಗಾಳಿ ತಾಗಬಾರದು. ಗ್ಯಾಸು ಮುಚ್ಚಳದ ಹಾಗೆ ಅದನ್ನು ಕಾಯುತ್ತದೆ. ಗಾಳಿ ತಾಗಿದರೆ ಬೆಸುಗೆಯಲ್ಲಿ ತೂತು ಬೀಳುತ್ತದೆ. ದೋಸೆಗೆ ತೂತು ಚೆಂದ. ಬೆಸುಗೆಗೆ ತೂತು ಬಂದರೆ ಬಲ ಇರುವುದಿಲ್ಲ.

ಎರಡು ಗ್ಯಾಸು

ಒಂದು, ಕಾರ್ಬನ್ ಡೈ ಆಕ್ಸೈಡ್. ಸೋಡಾದಲ್ಲಿ ಗುಳ್ಳೆ ಬರುವುದು ಇದರಿಂದಲೇ. ಇದರ ಬೆಲೆ ಕಡಿಮೆ. ವರ್ಕ್‌ಶಾಪಿನಲ್ಲಿ ಇದನ್ನು ಸಿ.ಓ.ಟು ಅಂತಾರೆ.

ಇನ್ನೊಂದು, ಆರ್ಗಾನ್. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಆರ್ಗಾನ್ ಇದೆ. ಇದು ಯಾವುದರ ಜೊತೆಗೂ ಸುಲಭಕ್ಕೆ ಬೆರೆಯುವುದಿಲ್ಲ. ಬೆಲೆ ಹೆಚ್ಚು.

ಮೂರು ಕೆಲಸ ಬಂದವು ಅಂದುಕೊಳ್ಳಿ

ಒಂದನೆಯದು ಮನೆಯ ಕಬ್ಬಿಣದ ಗೇಟು. ಇದಕ್ಕೆ ಕಬ್ಬಿಣಕ್ಕೆಂದೇ ಇರುವ ತಂತಿ ಬೇಕು. ಅದರ ಸುರುಳಿಯ ಮೇಲೆ ಇ.ಆರ್. 70 ಎಸ್-6 ಎಂದು ಬರೆದಿರುತ್ತದೆ. ಹೆಚ್ಚಾಗಿ ಇದಕ್ಕೆ ತಾಮ್ರದ ಲೇಪ ಇರುತ್ತದೆ. ಗ್ಯಾಸು ಸಿ.ಓ.ಟು ಸಾಕು. ಬೆಸುಗೆ ಆಳಕ್ಕೆ ಇಳಿಯುತ್ತದೆ. ಆದರೆ ಲೋಹದ ಹನಿ ಜಾಸ್ತಿ ಸಿಡಿಯುತ್ತದೆ. 80 ಪಾಲು ಆರ್ಗಾನಿಗೆ 20 ಪಾಲು ಸಿ.ಓ.ಟು ಬೆರೆತ ಗ್ಯಾಸು ಹಾಕಿದರೆ ಸಿಡಿತ ಕಡಿಮೆ. ತೆಳು ತಗಡಿಗೆ 0.8 ಮಿಲಿಮೀಟರ್ ತಂತಿ ಸರಿ. ದಪ್ಪ ಲೋಹಕ್ಕೆ 1.2 ಮಿಲಿಮೀಟರ್ ತಂತಿ.

ಎರಡನೆಯದು ಮೆಟ್ಟಿಲಿನ ಸ್ಟೀಲ್ ರೇಲಿಂಗು. ಸ್ಟೀಲು 304 ನಂಬರಿನದಾದರೆ 308 ಎಲ್ ತಂತಿ. 316 ನಂಬರಿನದಾದರೆ 316 ಎಲ್ ತಂತಿ. ಸ್ಟೀಲನ್ನು ಕಬ್ಬಿಣಕ್ಕೆ ಸೇರಿಸಬೇಕಾದರೆ 309 ಎಲ್. ಗ್ಯಾಸು ಬಹುಪಾಲು ಆರ್ಗಾನೇ ಇರಬೇಕು. ಅದರಲ್ಲಿ ನೂರಕ್ಕೆ ಎರಡು ಪಾಲು ಸಿ.ಓ.ಟು ಬೆರೆತಿದ್ದರೆ ಸಾಕು. ದುಡ್ಡು ಉಳೀತದೆ ಅಂತ ಬರೀ ಸಿ.ಓ.ಟು ಹಾಕಬಾರದು. ಯಾಕಂದ್ರೆ ಬೆಸುಗೆಗೆ ಇಂಗಾಲ ಸೇರುತ್ತದೆ. ತುಕ್ಕು ತಡೆಯುವ ಗುಣ ಕಡಿಮೆ ಆಗುತ್ತದೆ. ಆಮೇಲೆ ಬೆಸುಗೆಯ ಜಾಗದಲ್ಲೇ ತುಕ್ಕು ಬರುತ್ತದೆ. ಗಿರಾಕಿ ವಾಪಸು ಬರ್ತಾರೆ. ಕೂಲಿಯೂ ಹೋಯಿತು, ಹೆಸರೂ ಹೋಯಿತು.

ಮೂರನೆಯದು ಅಲ್ಯೂಮಿನಿಯಂ ಹಾಲಿನ ಕ್ಯಾನು. ಇದಕ್ಕೆ ಅಲ್ಯೂಮಿನಿಯಂ ತಂತಿಯೇ ಬೇಕು. 4043, 5356 ಎಂಬ ಎರಡು ನಂಬರಿನವು ಹೆಚ್ಚು ಬಳಕೆಯಲ್ಲಿವೆ. ಗ್ಯಾಸು ಬರೀ ಆರ್ಗಾನ್. ಸಿ.ಓ.ಟು ಒಂದು ಚೂರೂ ಬೇಡ. ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ಪೊರೆ ಇರುತ್ತದೆ. ಅಲ್ಯೂಮಿನಿಯಂ 660 ಡಿಗ್ರಿ ಶಾಖಕ್ಕೆ ಕರಗುತ್ತದೆ. ಪೊರೆ ಕರಗಲು 2000 ಡಿಗ್ರಿಗೂ ಹೆಚ್ಚು ಬೇಕು. ಅದಕ್ಕೇ ಮೊದಲು ಜಿಡ್ಡು ಒರೆಸಬೇಕು. ಆಮೇಲೆ ಸ್ಟೀಲ್ ಬ್ರಷ್ಷಿನಿಂದ ಪೊರೆ ಉಜ್ಜಿ ತೆಗೆಯಬೇಕು. ಆ ಬ್ರಷ್ಷನ್ನು ಕಬ್ಬಿಣಕ್ಕೆ ಮುಟ್ಟಿಸಬಾರದು.

ಲೋಹ ಯಾವುದು ಅಂತ ತಿಳಿಯೋದು ಹೇಗೆ? ಅಯಸ್ಕಾಂತ ಹಿಡಿದು ನೋಡಿ. ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟುತ್ತದೆ. ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಸ್ಟೀಲಿನಲ್ಲಿ ಅಂಟುವ ಜಾತಿಯೂ ಇದೆ, ಅಂಟದ ಜಾತಿಯೂ ಇದೆ. ಅದರ ನಂಬರನ್ನು ಮಾಲು ಕೊಟ್ಟವರನ್ನು ಕೇಳಿಯೇ ತಿಳಿಯಬೇಕು.

ಇಲ್ಲಿ ಓದು ಬೇಕು

ತಂತಿಯ ಹೆಸರು, ನಂಬರು ಎಲ್ಲ ಸುರುಳಿಯ ಚೀಟಿಯಲ್ಲಿ ಇರುತ್ತದೆ. ಹೆಸರು ಇಂಗ್ಲಿಷಿನಲ್ಲಿದ್ದರೂ ಅಂಕಿ ಓದಲು ನಮಗೆ ಬರುತ್ತದೆ. 308, 309 ಎರಡೂ ನೋಡಲು ಒಂದೇ ತರಹದ ತಂತಿ. ಚೀಟಿ ಓದಿದರೆ ಮಾತ್ರ ಗೊತ್ತಾಗುತ್ತದೆ. ಚೀಟಿ ಹರಿದು ಬಿಸಾಡಬೇಡಿ. ಸಿಲಿಂಡರಿನ ಬಣ್ಣ ಒಂದನ್ನೇ ನಂಬಬೇಡಿ. ಅದರ ಮೇಲಿನ ಹೆಸರು ಓದಿ, ಓದಿಸಿ. ಆಮೇಲೆ ಜೋಡಿಸಿ.

ಜೀವ ಮೊದಲು

ಸತುವಿನ ಲೇಪ ಇರುವ ಜಿ.ಐ. ತಗಡು, ಜಿ.ಐ. ಪೈಪು ಬಂದರೆ ಎಚ್ಚರ. ಬಿಸಿಗೆ ಲೇಪದಿಂದ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದರೆ ಕೆಲವು ಗಂಟೆಯಲ್ಲಿ ಚಳಿಜ್ವರ, ಮೈಕೈ ನೋವು ಬರುತ್ತದೆ. ಬೆಸೆಯುವ ಜಾಗದ ಲೇಪ ಮೊದಲೇ ಉಜ್ಜಿ ತೆಗೆಯಬೇಕು. ಹೊಗೆ ಹೊರಗೆ ಹೋಗುವಂತೆ ಇರಬೇಕು. ಬೆಲ್ಲ ತಿಂದರೆ, ಹಾಲು ಕುಡಿದರೆ ಹೊಗೆಯ ವಿಷ ಹೋಗುವುದಿಲ್ಲ.

ಆರ್ಗಾನ್, ಸಿ.ಓ.ಟು ಎರಡೂ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ, ಗುಂಡಿಯಲ್ಲಿ ತುಂಬಿಕೊಂಡರೆ ಉಸಿರು ಕಟ್ಟುತ್ತದೆ. ವಾಸನೆಯಿಂದ ಗೊತ್ತಾಗುವುದಿಲ್ಲ. ಬಾಗಿಲು ಕಿಟಕಿ ತೆರೆದಿರಲಿ. ಆದರೆ ಫ್ಯಾನಿನ ಗಾಳಿ ನೇರ ಬೆಸುಗೆಗೆ ಬೀಸಬಾರದು. ಗ್ಯಾಸು ಹಾರಿಹೋಗುತ್ತದೆ.

ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಸರಪಳಿ ಕಟ್ಟಿ. ಮುಖಕ್ಕೆ ಕಪ್ಪು ಗಾಜಿನ ಮುಖವಾಡ, ಕೈಗೆ ಚರ್ಮದ ಕೈಗವಸು ಇರಲಿ. ಹತ್ತಿಯ ಬಟ್ಟೆ ಹಾಕಿ. ನೈಲಾನ್ ಸೀರೆ, ಜೋತಾಡುವ ಸೆರಗು ಬೇಡ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಓದಿ, ಹೇಳಿ

1. ಗೇಟಿಗೆ ಯಾವ ಗ್ಯಾಸು ಸಾಕು?
2. ಹಾಲಿನ ಕ್ಯಾನಿಗೆ ಸಿ.ಓ.ಟು ಹಾಕಬಹುದೇ?
3. ಸ್ಟೀಲನ್ನು ಕಬ್ಬಿಣಕ್ಕೆ ಸೇರಿಸಲು ಯಾವ ನಂಬರಿನ ತಂತಿ?
4. ಜಿ.ಐ. ಪೈಪು ಬಂದರೆ ಮೊದಲು ಏನು ಮಾಡಬೇಕು?