ಕ್ಯಾರೆಟ್ ಹೊಲಕ್ಕೆ ಕ್ರೌಂಚ ಬಂತು, ಮಣ್ಣು ಬರಲಿಲ್ಲ

ಬೇಸಾಯ ನಿಲ್ಲಿಸಿದ ಹೊಲದಲ್ಲಿ ನೀರು ಕಟ್ಟಿದರೆ ಅದು ಮತ್ತೆ ಜೌಗು ಆಗುತ್ತದೆಯೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಹಕ್ಕಿಗಳ ಮಟ್ಟಿಗೆ ಹೌದು. ಮಣ್ಣಿನ ಲೆಕ್ಕವೇ ಬೇರೆ.

ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಲೇಕನ್‌ಹೀತ್‌ನಲ್ಲಿ ಕ್ಯಾರೆಟ್ ಬೆಳೆಯುತ್ತಿದ್ದ ಬಯಲೊಂದನ್ನು 1995ರಲ್ಲಿ ಆರ್‌ಎಸ್‌ಪಿಬಿ ಎಂಬ ಪಕ್ಷಿ ಸಂರಕ್ಷಣಾ ಸಂಸ್ಥೆ ಕೊಂಡಿತು. ಜೊಂಡಿನಲ್ಲಿ ಅವಿತು ಬಾಳುವ ಬಿಟರ್ನ್ ಎಂಬ ಬಕ ಆಗ ಅಳಿವಿನಂಚಿನಲ್ಲಿತ್ತು. 1997ರಲ್ಲಿ ಇಡೀ ಬ್ರಿಟನ್ನಿನಲ್ಲಿ ಕೂಗುವ ಗಂಡುಗಳು ಬರೀ 11. ಕರಾವಳಿಯಲ್ಲಿದ್ದ ಅವುಗಳ ನೆಲೆಗೆ ಕಡಲು ನುಗ್ಗುವ ಭಯ ಬೇರೆ. ಒಳನಾಡಿನಲ್ಲೊಂದು ಮನೆ ಬೇಕಿತ್ತು. ಬದು ಹಾಕಿ, ಕಾಲುವೆ ತೋಡಿ, ತೂಬಿನಿಂದ ನೀರಿನ ಮಟ್ಟ ಹಿಡಿದು, ಮೂರು ಲಕ್ಷದಷ್ಟು ಜೊಂಡಿನ ಸಸಿಗಳನ್ನು ಕೈಯಲ್ಲೇ ನೆಟ್ಟರು. 2007ರಲ್ಲಿ ಕರೆಯದ ಅತಿಥಿಗಳಾಗಿ ಬೂದು ಕ್ರೌಂಚಗಳೂ ಬಂದು ಗೂಡು ಕಟ್ಟಿದವು. ಫೆನ್ಸ್ ಎಂದು ಕರೆಯುವ ಆ ಜೌಗು ಸೀಮೆಯಲ್ಲಿ ಅವು ಗೂಡು ಕಟ್ಟಿ ಸುಮಾರು 400 ವರ್ಷಗಳಾಗಿದ್ದವು! ಕೂಗುವ ಬಿಟರ್ನ್‌ಗಳು ಈಗ ದೇಶದಲ್ಲಿ 200ಕ್ಕೂ ಹೆಚ್ಚು.

ಇಷ್ಟಕ್ಕೇ 'ಪ್ರಕೃತಿ ಮರಳಿತು' ಎಂದು ಬರೆಯುವವರ ಉತ್ಸಾಹ ನನಗಿಲ್ಲ. ಫೆನ್ಸ್ ನೆಲದ ಆಸ್ತಿಯೆಂದರೆ ಪೀಟ್, ಅಂದರೆ ಕೊಳೆಯದೆ ಉಳಿದ ಸಸ್ಯಗಳ ಕಪ್ಪು ಮಣ್ಣು. ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುವುದಿಲ್ಲ. ಮೇಲೆದ್ದ ಹೋಳುಗಳಿಗೆ ಗಾಳಿ ತಾಗಿದರೆ ಬೂಸ್ಟು. ನೀರಿನಡಿಯ ಪೀಟ್ ಕೂಡ ಹಾಗೆಯೇ. ನೀರು ಬಸಿದರೆ ಆಮ್ಲಜನಕ ಒಳನುಗ್ಗುತ್ತದೆ, ಸೂಕ್ಷ್ಮಜೀವಿಗಳು ಮಣ್ಣನ್ನೇ ತಿಂದು ಕಾರ್ಬನ್ ಡೈ ಆಕ್ಸೈಡ್ ಮಾಡಿ ಬಿಡುತ್ತವೆ. ಜಾಡಿಗೆ ಮತ್ತೆ ಎಣ್ಣೆ ಸುರಿದರೆ ಬೂಸ್ಟು ನಿಂತೀತು, ಹಾಳಾದ ಹೋಳು ಬಾರದು.

ಹಾಳಾದದ್ದೆಷ್ಟು ಎಂಬುದನ್ನು ಅದೇ ಸೀಮೆಯ ಹೋಮ್ ಫೆನ್‌ನಲ್ಲಿ ಕಣ್ಣಾರೆ ನೋಡಬಹುದು. 1851ರಲ್ಲಿ ಪಕ್ಕದ ವಿಟಲ್ಸಿ ಸರೋವರವನ್ನು ಬಸಿದು ಹೊಲ ಮಾಡುವಾಗ, ನೆಲ ಎಷ್ಟು ಕುಸಿಯುತ್ತದೆಂದು ಅಳೆಯಲು ಒಂದು ಕಬ್ಬಿಣದ ಕಂಬವನ್ನು ತುದಿ ನೆಲಕ್ಕೆ ಸಮನಾಗುವಂತೆ ಹುಗಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನದೇ ಕಂಬ ಎನ್ನುತ್ತಾರೆ. ಇಂದು ಅದರ ತುದಿ ನೆಲದಿಂದ ಸುಮಾರು 4 ಮೀಟರ್ ಮೇಲಿದೆ, ಎರಡಾಳು ಎತ್ತರ. ಕಂಬ ಮೇಲೆದ್ದದ್ದಲ್ಲ, ನೆಲ ಇಳಿದದ್ದು. ಪೀಟ್ ಬೆಳೆಯುವುದು ವರ್ಷಕ್ಕೆ ಹೆಚ್ಚೂಕಡಿಮೆ 1 ಮಿಲಿಮೀಟರ್. 170 ವರ್ಷದಲ್ಲಿ ಕಳೆದದ್ದು ತುಂಬಿಬರಲು 4,000 ವರ್ಷ ಬೇಕು.

ಇಂಗ್ಲೆಂಡಿನಲ್ಲಿರುವ ಓದುಗರು ಲೇಕನ್‌ಹೀತ್‌ಗೆ ಕ್ರೌಂಚ ನೋಡಲು ಹೋದರೆ ಹೋಮ್ ಫೆನ್‌ನ ಕಂಬದ ಬುಡದಲ್ಲೂ ಒಮ್ಮೆ ನಿಂತು ಬನ್ನಿ.